ವಕ್ರಕಣಕ್ಕೆ ಎರಡು ಅಂಕ

ಜೂನ್ ೭

ಅಪ್ಪನಿಗೆ,

ಕ್ಷೇಮಸಮಾಚಾರ ಆಮೇಲೆ, ಮೊದಲು ಕೋಪ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಬೇಕಾದ್ದು ಮಾತ್ರ ಕೇಳಿಸುತ್ತೆ. ಅಲ್ಲದೆ ನನಗೆ ಬೇಕಾಗಿರೋದು ನಿನ್ನ ಕೈಬರಹ, ಕೆಳಗೆ ನಿನ್ನ ಸಹಿ.

ಹೋದ ವಾರ ಪ್ರಾಯೋಗಿಕ ಪರೀಕ್ಷೆ ಇತ್ತು. ಅದೇ ಹಳೇ ಪ್ರಯೋಗ. ಈರುಳ್ಳಿಯ ಒಳಪೊರೆ ಸುಲಿದು, ಗಾಜಿನ ಪಟ್ಟಿ ಮೇಲಿಟ್ಟು, ಒಂದು ಹನಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶದ ಚಿತ್ರ ಬರೆದು ಭಾಗಗಳನ್ನ ಗುರುತಿಸೋದು. ಮೂವತ್ಮೂರು ಮಕ್ಕಳು. ಮೂವತ್ತೆರಡು ಜನ ಕೋಶಭಿತ್ತಿ, ಕೋಶಕೇಂದ್ರ, ರಸದಾನಿ, ವಕ್ರಕಣ ಎಲ್ಲ ಬರೆದರು. ಒಬ್ಬಳು ವಕ್ರಕಣ ಬಿಟ್ಟಳು. ಎರಡು ಅಂಕ ಕಳೆದೆ. ಎಲ್ಲರ ಎದುರಿಗೆ ಎದ್ದು ನಿಂತಳು.

"ಮಿಸ್, ಅದು ಇರಲಿಲ್ಲ."

"ನೀನು ಸರಿಯಾಗಿ ನೋಡಿಲ್ಲ."

"ನೋಡಿದೀನಿ ಮಿಸ್. ಇನ್ನೂರ ಹನ್ನೊಂದು ಕೋಶ ಎಣಿಸಿದೀನಿ. ಒಂದರಲ್ಲೂ ಇಲ್ಲ."

"ಮೂವತ್ತೆರಡು ಜನಕ್ಕೆ ಕಂಡದ್ದು ನಿನಗೊಬ್ಬಳಿಗೆ ಯಾಕೆ ಕಾಣಲಿಲ್ಲಮ್ಮ?"

"ಅವರು ನೋಡಲಿಲ್ಲ ಮಿಸ್, ಮಸೂರಕ್ಕೆ ಕಣ್ಣಿಟ್ಟರು ಅಷ್ಟೇ. ನನ್ನ ಪಕ್ಕದವಳ ಸೂಕ್ಷ್ಮದರ್ಶಕದ ಕನ್ನಡಿ ಗೋಡೆ ಕಡೆ ತಿರುಗಿತ್ತು. ಅವಳಿಗೆ ಕಂಡಿದ್ದು ಬರೀ ಕತ್ತಲೆ. ಅವಳಿಗೆ ಹತ್ತಕ್ಕೆ ಹತ್ತು!"

ಇಡೀ ತರಗತಿ ನಕ್ಕಿತು. ನಾನು ಹದಿನಾರನೇ ವಯಸ್ಸಿನಲ್ಲೇ ವಕ್ರಕಣ ಕಣ್ಣಾರೆ ನೋಡಿದೀನಿ ಅಂದೆ. "ಹಾಗಾದ್ರೆ ಈಗ ತೋರಿಸಿ ಮಿಸ್" ಅಂದಳು. ಪಾಠ ಮಾಡೋಕೆ ಶುರು ಮಾಡಿದ ಹದಿನೈದು ವರ್ಷದಲ್ಲಿ ಯಾರೂ ನನ್ನ ಎದುರು ಹಾಗೆ ನಿಂತಿರಲಿಲ್ಲ. ಹೊರಗೆ ಕಳಿಸಿದೆ. ಅವಿಧೇಯತೆ ಅಂತ ವರದಿ ಬರೆದೆ. ಕ್ಷಮಾಪಣೆ ಬರೆದುಕೊಡೋವರೆಗೂ ಅವಳ ಲ್ಯಾಬ್ ಪ್ರಮಾಣಪತ್ರಕ್ಕೆ ಸಹಿ ಹಾಕಲ್ಲ. ಆಸ್ಪತ್ರೆಯ ಲ್ಯಾಬ್ ತರಬೇತಿಗೆ ಸೇರಬೇಕಂತೆ, ಆಗಸ್ಟ್ ಮೂವತ್ತೊಂದರೊಳಗೆ ಆ ಪತ್ರ ಕೊಡಬೇಕಂತೆ. ಬೇಕಾದರೆ ತಗ್ಗಲಿ.

ನೀನು ಮಾಡಬೇಕಾದ್ದು ಇಷ್ಟೇ. ದೊಡ್ಡ ಮೇಷ್ಟ್ರು ಬರೆದ ನಮ್ಮ ಪಠ್ಯಪುಸ್ತಕದ ಚಿತ್ರಗಳೆಲ್ಲ ನಿನ್ನವು. ಹದಿನೇಳನೇ ಪುಟದ ಜೀವಕೋಶವನ್ನ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬರೆದೆ ಅಂತ ಎರಡು ಸಾಲು ಬರೆದು ಸಹಿ ಮಾಡಿ ಕಳಿಸು. ಗೋಡೆಗೆ ಅಂಟಿಸ್ತೀನಿ.

ಸೊಂಟದ ನೋವು ಹೇಗಿದೆ? ಚಿಕ್ಕಮ್ಮನಿಗೆ ಕಾಟ ಕೊಡಬೇಡ.

ನಿನ್ನ ಮಗಳು

*

ಜೂನ್ ೧೫

ಕೋಪಕೋಶದ ಒಡತಿಗೆ,

ನಿನ್ನ ಪತ್ರ ಎಷ್ಟು ಹರಿತವಾಗಿತ್ತು ಅಂದರೆ ಲಕೋಟೆ ದಾರಿಯಲ್ಲೇ ಬಾಯಿ ಬಿಟ್ಟಿತ್ತು. ಎಲೆಗೆ ಹಸಿರು ಕೊಡೋದು ಪತ್ರಹರಿತ್ತು ಅಂತ ನೀನು ಪಾಠ ಮಾಡ್ತೀಯಲ್ಲ, ಇದೇನಾ ಅದು?

ಸೊಂಟಕ್ಕೆ ಎರಡು ಸ್ಕ್ರೂ ಹಾಕಿದ್ದಾರೆ. ನನ್ನ ತಲೆಯ ಸ್ಕ್ರೂ ಸಡಿಲ ಅಂತ ನಿಮ್ಮಮ್ಮ ಹೇಳ್ತಿದ್ದಳು. ಡಾಕ್ಟರು ಜಾಗ ತಪ್ಪಿರಬೇಕು. ನಿನ್ನ ಚಿಕ್ಕಪ್ಪನ ಮನೆ ಹಿಂದಿನ ರೂಮಿನಲ್ಲಿ ಕಿಟಕಿ ಪಕ್ಕ ಮಂಚ ಹಾಕಿಸಿಕೊಂಡು ರಾಜನ ಹಾಗೆ ಬಿದ್ದಿದೀನಿ. ಸಿಂಹಾಸನದ ಕೆಳಗೆ ಬೆಡ್‌ಪ್ಯಾನ್ ಇಟ್ಟುಕೊಂಡ ರಾಜ. ಚಿಕ್ಕಮ್ಮನಿಗೆ ಕಾಟ ಕೊಡ್ತಿಲ್ಲ. ನಿನ್ನೆ ಬಿಸ್ಕತ್ತಿನ ಮೇಲೆ ಶಾಯಿಯಲ್ಲಿ ಇರುವೆ ಬರೆದಿಟ್ಟಿದ್ದೆ. ಮೂರು ಸಲ ಕೊಡವಿದಳು ಪಾಪ, ಇರುವೆ ಬೀಳಲೇ ಇಲ್ಲ.

ಆ ಹುಡುಗಿಗೆ ಎರಡು ಅಂಕ ಕೊಟ್ಟುಬಿಡಬಾರದಾ? ನಿನ್ನ ಅಪ್ಪನ ಮನೆ ಗಂಟೇನು ಹೋಗಲ್ಲ, ಅಪ್ಪನೇ ಹೇಳ್ತಿದೀನಿ. ಅವಳ ಕಣ್ಣು ಮಂದ ಅಂದ್ಕೋ. ಇಲ್ಲ ಈರುಳ್ಳಿ ಮಂದ ಅಂದ್ಕೋ. ವರದಿ ಹರಿದು ಹಾಕು. ಎಳೇ ಕೂಸಿನ ಹತ್ತಿರ ಏನು ಹಟ?

ಸಹಿ ಮಾಡೋಕೆ ಕೈ ನಡುಗುತ್ತೆ. ಇನ್ನೊಂದು ಸಲ ನೋಡೋಣ.

ಇನ್ನೂರ ಹನ್ನೊಂದು ಕೋಶ ಎಣಿಸಿದಳು ಅಂದೆಯಲ್ಲ, ನಿಜವಾಗಿ ಎಣಿಸಿದಳಾ?

ಇಂತಿ, ಸ್ಕ್ರೂಪಾಣಿಯಾದ ನಿನ್ನ ಅಪ್ಪ

*

ಜೂನ್ ೨೪

ಅಪ್ಪ,

ಕೈ ನಡುಗುತ್ತೆ ಅಂದವನು ಪತ್ರದ ಅಂಚಿನಲ್ಲಿ ಕೂದಲೆಳೆಯಂಥ ಗೆರೆಯಲ್ಲಿ ಈರುಳ್ಳಿಗೆ ಕನ್ನಡಕ ಹಾಕಿ ಬರೆದಿದೀಯ. ಯಾರಿಗೆ ಹೇಳ್ತೀಯ ಈ ಕಥೆ?

ನನಗೆ ಈಗ ಜೋಕು ಬೇಡ. ಆ ಹುಡುಗಿ ಕ್ಷಮಾಪಣೆ ಬರೆದುಕೊಡಲಿಲ್ಲ. ಅದರ ಬದಲು ಪರೀಕ್ಷಾ ಸಮಿತಿಗೆ ದೂರು ಬರೆದಿದ್ದಾಳೆ, ನನ್ನ ಮೇಲೆ. "ಇಲ್ಲದ ವಸ್ತುವಿಗೆ ಅಂಕ ಇಟ್ಟಿದ್ದಾರೆ" ಅಂತ. ಆಗಸ್ಟ್ ಇಪ್ಪತ್ತಕ್ಕೆ ವಿಚಾರಣೆ. ಸಮಿತಿಯ ಅಧ್ಯಕ್ಷರು ಯಾರು ಗೊತ್ತಲ್ಲ? ನಿನ್ನ ದೊಡ್ಡ ಮೇಷ್ಟ್ರೇ. ನನ್ನ ಕರೆಸಿ, "ಪುಸ್ತಕ ನಂದು, ಚಿತ್ರ ನಿಮ್ಮ ತಂದೇದು. ಅವರ ಒಂದು ಹೇಳಿಕೆ ತರಿಸಿ ಮುಗಿಸಿಬಿಡಮ್ಮ" ಅಂದರು.

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಬಂದು, "ಏನ್ರೀ, ನಿಮ್ಮ ಹುಡುಗಿ ನಿಮ್ಮನ್ನೇ ಪರೀಕ್ಷೆಗೆ ಕೂರಿಸಿದಳಂತೆ" ಅಂತಾರೆ. ನಕ್ಕೊಂಡು ಅಂತಾರೆ. ನನಗೆ ನಗು ಬರಲ್ಲ.

ಎರಡು ಸಾಲು ಅಪ್ಪ. ನಲವತ್ತು ವರ್ಷದಲ್ಲಿ ನಿನ್ನ ಹತ್ತಿರ ಎರಡು ಸಾಲು ಕೇಳ್ತಿದೀನಿ.

ಮಗಳು

*

ಜುಲೈ ೨

ಮಗಳೇ,

ಎರಡು ಸಾಲು ಆಗಲ್ಲ. ಕೂತುಕೊಂಡು ಓದು, ನೀರು ಪಕ್ಕದಲ್ಲಿಟ್ಟುಕೋ.

ಇಪ್ಪತ್ತಾರು ವರ್ಷದ ಹಿಂದೆ, ನಿನಗೆ ಹದಿನಾಲ್ಕು ಇದ್ದಾಗ, ಆರು ವಾರ ನಾನು ದೊಡ್ಡ ಮೇಷ್ಟ್ರ ಲ್ಯಾಬಿನಲ್ಲಿ ಕೂತು ಆ ಚಿತ್ರಗಳನ್ನ ಬರೆದೆ. ಎಡಗಣ್ಣು ಮಸೂರದಲ್ಲಿ, ಬಲಗಣ್ಣು ಕಾಗದದ ಮೇಲೆ, ಎರಡನ್ನೂ ತೆರೆದೇ ಇಟ್ಟುಕೊಂಡಿರಬೇಕು. ಅಭ್ಯಾಸ ಆಗೋವರೆಗೂ ತಲೆ ಸುತ್ತುತ್ತೆ, ಆದ ಮೇಲೆ ಕೋಶ ತಾನೇ ಬಂದು ಕಾಗದದ ಮೇಲೆ ಕೂತ ಹಾಗೆ ಕಾಣುತ್ತೆ. ನೆರಳು ಬೇಕಾದರೆ ಪೆನ್ಸಿಲ್ ತಿಕ್ಕೋ ಹಾಗಿಲ್ಲ, ಶಾಯಿಯ ಚುಕ್ಕೆ ಇಡಬೇಕು. ಒಂದು ಕೋಶಕ್ಕೆ ನಾಲ್ಕು ಸಾವಿರ ಚುಕ್ಕೆ ಆಗ್ತಿತ್ತು. ಲ್ಯಾಬಿನಲ್ಲಿ ನನಗೆ ಚುಕ್ಕೆಸ್ವಾಮಿ ಅಂತಲೇ ಹೆಸರು ಬಿದ್ದಿತ್ತು.

ಹದಿನೇಳನೇ ಪುಟದ ಚಿತ್ರ ತೋರಿಸಿದೆ. ಮೇಷ್ಟ್ರು ಹುಬ್ಬು ಗಂಟು ಹಾಕಿದರು.

"ಕೋಶಕೇಂದ್ರ ಯಾಕಯ್ಯ ಪಕ್ಕಕ್ಕೆ ಹೋಗಿದೆ?"

"ಮಸೂರದಲ್ಲಿ ಅಲ್ಲೇ ಇದೆ ಸಾರ್. ರಸದಾನಿ ದೊಡ್ಡದಾಗಿದೆ, ಅದನ್ನ ಗೋಡೆಗೆ ಒತ್ತಿಬಿಟ್ಟಿದೆ."

"ಕೇಂದ್ರ ಅಂದ ಮೇಲೆ ನಡುವೆ ಇರಬೇಕು. ಪಕ್ಕದಲ್ಲಿದ್ರೆ ಕೇಂದ್ರ ಅಂತ ಯಾರು ಕರೀತಾರೆ? ನಡುವೆ ಇಡು."

"ನೋಡಿ ಬರೆದದ್ದು ಸಾರ್."

"ನಿನ್ನ ಕೆಲಸ ಕೈಯಿಂದು ಕಣಯ್ಯ, ಕಣ್ಣಿಂದಲ್ಲ."

ಆ ಮಾತು ಇವತ್ತಿಗೂ ಹೊಟ್ಟೆಯಲ್ಲಿದೆ. ನಾಲ್ಕು ಸಾವಿರ ಚುಕ್ಕೆ ಹರಿದು ಹಾಕಿ ಮತ್ತೆ ಬರೆದೆ. ಬರೆಯುವಾಗ ಏನಾದರೂ ಹೇಳೋಕೆ ಹೋದರೆ ಅವರು ಕಿಟಕಿ ಕಡೆ ತಿರುಗಿ ಕೂರ್ತಿದ್ದರು. ನನ್ನ ಪಾಲಿಗೆ ಬರ್ತಿದ್ದದ್ದು ಅವರ ಎಡಗಿವಿ ಮಾತ್ರ. ಆರು ವಾರ ಅದನ್ನೇ ನೋಡಿದೀನಿ. ಮೇಲ್ತುದಿ ಒಳಕ್ಕೆ ಮಡಿಚಿಕೊಂಡಿದೆ, ನಡುವೆ ಎರಡು ಸುಕ್ಕು, ಹಾಲೆ ಕೆನ್ನೆಗೆ ಅಂಟಿದೆ. ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ, ಕೋಶಕೇಂದ್ರದ ಪಕ್ಕ ಆ ಕಿವಿಯನ್ನ ಪುಟ್ಟದಾಗಿ, ನೀಟಾಗಿ, ಚುಕ್ಕೆ ಇಟ್ಟು ಬರೆದೆ.

ನೋಡ್ತಾರೆ, ಕೂಗಾಡ್ತಾರೆ, ನಾನೂ ಕೂಗಾಡ್ತೀನಿ, ಆಮೇಲೆ ಅಳಿಸ್ತೀನಿ ಅಂದ್ಕೊಂಡಿದ್ದೆ. ಅವರು ಎರಡು ನಿಮಿಷ ದಿಟ್ಟಿಸಿದರು. "ಇದಕ್ಕೆ ಹೆಸರು ಬರೆದಿಲ್ಲವಲ್ಲ" ಅಂದರು. "ಹೆಸರಿಡೋದು ನಿಮ್ಮ ಕೆಲಸ ಸಾರ್, ನಂದು ಬರೀ ಕೈ" ಅಂದೆ. ಅದೇನು ಅಂತ ಕೇಳಿದರೆ ತನಗೆ ಗೊತ್ತಿಲ್ಲ ಅಂತಾಗುತ್ತಲ್ಲ! ಪೆನ್ನು ತೆಗೆದು ಗಂಭೀರವಾಗಿ ಬರೆದರು: ವಕ್ರಕಣ. ಕೆಳಗೆ ಒಂದು ಸಾಲು: "ಇದರ ಕಾರ್ಯ ಇನ್ನೂ ಸ್ಪಷ್ಟವಾಗಿಲ್ಲ." ಒಂದು ಅರ್ಕಾವತ್ತು ಜಾಸ್ತಿ ಹಾಕಿದ್ದರೆ ವಕ್ರಕರ್ಣ ಆಗಿ ಸತ್ಯ ತಾನೇ ಹೊರಗೆ ಬರ್ತಿತ್ತು.

ಆಮೇಲೆ ಗೈಡುಗಳು ಬಂದವು. ಒಂದರಲ್ಲಿ ವಕ್ರಕಣ ಕೋಶದ ಸಮತೋಲನ ಕಾಪಾಡುತ್ತೆ ಅಂತಿತ್ತು. ಇನ್ನೊಂದರಲ್ಲಿ ತ್ಯಾಜ್ಯ ಹೊರಹಾಕುತ್ತೆ ಅಂತಿತ್ತು. ಒಂದೇ ಥರದ ಕೋಶಗಳು ಸೇರಿ ಒಂದೇ ಕೆಲಸ ಮಾಡಿದರೆ ಅಂಗಾಂಶ. ಒಂದೇ ಥರದ ಸುಳ್ಳುಗಳು ಸೇರಿ ಕೆಲಸ ಮಾಡಿದರೆ ಗೈಡು.

ಆ ಹುಡುಗಿಗೆ ಕಾಣಲಿಲ್ಲ, ಯಾಕಂದರೆ ಈರುಳ್ಳಿಗೆ ಕಿವಿ ಇಲ್ಲ. ಸ್ವಲ್ಪ ನಗು ಮಾರಾಯ್ತಿ.

ಚುಕ್ಕೆ ಅಪ್ಪ

*

ಜುಲೈ ೬

ಪತ್ರ ತಲುಪಿತು.

ಮಗಳು

*

ಜುಲೈ ೧೯

ಅಪ್ಪ,

ಲೈಸೋಸೋಮ್ ಒಡೆದರೆ ತನ್ನ ಕೋಶವನ್ನೇ ಜೀರ್ಣ ಮಾಡಿಕೊಳ್ಳುತ್ತೆ ಅಂತ ಪಾಠ ಮಾಡ್ತೀನಿ. ಈ ಹದಿಮೂರು ದಿನ ನಾನು ಹಾಗೇ ಇದ್ದೆ. ತರಗತಿಗೆ ಹೋಗ್ತೀನಿ, ಹಲಗೆ ಮೇಲೆ ಬರೀತೀನಿ, ಒಳಗೆ ನನ್ನನ್ನ ನಾನೇ ತಿಂತಿದೀನಿ.

ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಹದಿನಾರು. ಕಾಲೇಜಿನಿಂದ ಓಡಿಕೊಂಡು ಬಂದೆ, ಚಪ್ಪಲಿ ಕೂಡ ಬಿಡದೆ ನಿನ್ನ ಮೇಜಿನ ಹತ್ತಿರ ನಿಂತೆ. "ಅಪ್ಪಾ, ಇವತ್ತು ವಕ್ರಕಣ ನೋಡಿದೆ" ಅಂದೆ. ನೀನು ತಲೆ ಎತ್ತದೆ, "ಹೌದಾ? ಹೇಗಿತ್ತು?" ಅಂದೆ. ತೆಳ್ಳಗೆ, ಸ್ವಲ್ಪ ನೀಲಿಯಾಗಿ, ಬಗ್ಗಿಕೊಂಡಿತ್ತು ಅಂದೆ. "ಯಾವ ಕಡೆಗೆ?" ಅಂದೆ ನೀನು. ಎಡಕ್ಕೆ ಅಂದೆ. ನೀನು ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋದೆ. ಬಹಳ ಹೊತ್ತು ಬರಲಿಲ್ಲ. ನೀರು ಕುಡಿಯೋಕೆ ಹೋದೆ ಅಂದ್ಕೊಂಡಿದ್ದೆ. ನಗೋಕೆ ಹೋಗಿದ್ದೆ ಅಲ್ವಾ?

ಇದೊಂದು ಕೇಳಿಸಿಕೋ. ನಾನು ಆವತ್ತು ಸುಳ್ಳು ಹೇಳಲಿಲ್ಲ. ನನಗೆ ಕಾಣಿಸಿತ್ತು. ನಿನ್ನ ಕೈ ಇಲ್ಲದ್ದನ್ನ ಬರೆಯುತ್ತೆ ಅಂತ ನಂಬೋದು ನನಗೆ ಎಷ್ಟು ಕಷ್ಟ ಇತ್ತು ಅಂದರೆ, ಅದಕ್ಕಿಂತ ಇಲ್ಲದ್ದನ್ನ ಕಾಣೋದೇ ನನ್ನ ಕಣ್ಣಿಗೆ ಸುಲಭ ಆಯ್ತು. ಈಗ ಸೂಕ್ಷ್ಮದರ್ಶಕದ ಹತ್ತಿರ ಹೋಗೋಕೆ ಭಯ ಆಗುತ್ತೆ. ಮತ್ತೆ ಕಂಡುಬಿಟ್ಟರೆ?

ಬಿಸ್ಕತ್ತಿನ ಮೇಲೆ ಇರುವೆ ಬರಿ, ಚಿಕ್ಕಮ್ಮ ಕೊಡವಿಕೊಳ್ಳಲಿ. ಮಕ್ಕಳ ಪುಸ್ತಕದ ಮೇಲೆ ಬರೆದೆಯಲ್ಲ! ಹದಿನೈದು ವರ್ಷ ನಾನು ಕೆಂಪು ಪೆನ್ನು ಹಿಡಿದು ನಿನ್ನ ತಮಾಷೆಯ ಕಾವಲು ಕಾಯ್ದೆ. ನನ್ನನ್ನ ಯಾರು ಆ ಕೆಲಸಕ್ಕೆ ಇಟ್ಟರು? ನೀನು.

ನಿನ್ನ ಸಹಿ ಬೇಕು. ಈಗ ಬೇರೆ ಮಾತಿನ ಕೆಳಗೆ. ನಡೆದದ್ದನ್ನ ನಡೆದ ಹಾಗೆ ಸಮಿತಿಗೆ ಬರೆದುಕೊಡು. ಅವಳ ಪ್ರಮಾಣಪತ್ರಕ್ಕೆ ನಾನು ಇವತ್ತೇ ಸಹಿ ಮಾಡೋಕೆ ಹೋದೆ. ದೂರು ಸಮಿತಿ ಮುಂದಿದೆ, ತೀರ್ಮಾನ ಆಗೋವರೆಗೂ ಮುಟ್ಟೋ ಹಾಗಿಲ್ಲ ಅಂದರು. ವರದಿ ಬರೆದವಳು ನಾನೇ, ವಾಪಸ್ ತಗೊಳ್ಳೋ ಅಧಿಕಾರ ನನಗೇ ಇಲ್ಲ.

ಮಗಳು

*

ಜುಲೈ ೨೮

ಮಗಳೇ,

ಆವತ್ತು ನಾನು ನಗೋಕೆ ಹೋಗಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ ಕೇಳಬೇಡ.

ಸಮಿತಿಗೆ ಬರೆಯಲ್ಲ. ಕಾರಣ ನೀನೇ. ನಿನ್ನ ಕೆಲಸದ ಇಂಟರ್ವ್ಯೂ ನೆನಪು ಮಾಡಿಕೋ. ಎದುರಿಗೆ ಕೂತಿದ್ದವರು ದೊಡ್ಡ ಮೇಷ್ಟ್ರು. ಕೇಳಿದ್ದು ಒಂದೇ ಪ್ರಶ್ನೆ: "ವಕ್ರಕಣವನ್ನ ಸ್ವತಃ ನೋಡಿದೀಯಾ?" ನೀನು "ನೋಡಿದೀನಿ ಸಾರ್" ಅಂತ ಹೇಳಿ, ಹಲಗೆ ಮೇಲೆ ಬರೆದೂ ತೋರಿಸಿದೆ. ಅವರು ಕುಣಿಯೋದೊಂದು ಬಾಕಿ. ಮನೆಗೆ ಬಂದು ನೀನು ಹೇಳುವಾಗ ನಾನು ಕುರ್ಚಿ ಹಿಡಿದುಕೊಂಡು ನಿಂತಿದ್ದೆ. ನಿನ್ನ ಕೆಲಸ ಆ ಕಿವಿಯ ಮೇಲೆ ನಿಂತಿದೆ ಕಣೇ. ನಾನು ಸಹಿ ಹಾಕಿದರೆ ಆ ಹುಡುಗಿ ಒಳಗೆ, ನನ್ನ ಮಗಳು ಹೊರಗೆ. ಯಾವ ಅಪ್ಪ ಹಾಕ್ತಾನೆ?

ಇನ್ನೊಂದು. ಎಲ್ಲ ಬೆಂಕಿಯನ್ನೂ ನನ್ನ ಮಂಚದ ಕೆಳಗೇ ತಳ್ಳಬೇಡ. ನಾನು ಬರೆದದ್ದನ್ನ ನಂಬು ಅಂತ ಯಾವತ್ತು ಹೇಳಿದ್ದೆ? ಸುಳ್ಳು ಬರೆದವನು ನಾನು, ಒಪ್ಪಿದೆ. ಆದರೆ ಹದಿನೈದು ವರ್ಷ ಆ ಯಂತ್ರ ನಿನ್ನ ಮೇಜಿನ ಮೇಲೇ ಇತ್ತಲ್ಲ! ಒಂದು ಸಲ, ಒಂದೇ ಒಂದು ಸಲ, ಬಗ್ಗಿ ನೋಡಬಾರದಿತ್ತಾ? ಕಣ್ಣಿಲ್ಲದ ಮೇಷ್ಟ್ರು ಒಬ್ಬರು ಸಾಲದು ಅಂತ ನೀನೂ ಹೋಗಿ ಅವರ ಪಕ್ಕ ಕೂತೆ.

ಅಂಕ ಕೂಡಿಸುವಾಗ ತಪ್ಪಾಗಿತ್ತು ಅಂತ ಬರೆದು ಸದ್ದಿಲ್ಲದೆ ಸರಿ ಮಾಡಿಬಿಡು. ಇಲಾಖೆಯಲ್ಲಿ ಅದಕ್ಕೊಂದು ಅರ್ಜಿ ಇದ್ದೇ ಇರುತ್ತೆ.

ಅಪ್ಪ

*

ಆಗಸ್ಟ್ ೬

ಚಿತ್ರದ ತಾತನವರಿಗೆ,

ನಾನು ವಕ್ರಕಣ ಬಿಟ್ಟ ಹುಡುಗಿ. ಮಿಸ್ ನಿಮ್ಮ ವಿಳಾಸ ಕೊಟ್ಟು, "ಕೇಳೋದಿದ್ರೆ ಬರೆದವರನ್ನೇ ಕೇಳು" ಅಂದರು. ಮಿಸ್ ಈಗ ನನ್ನ ಮೇಲೆ ಕೂಗಾಡಲ್ಲ. ನನಗೆ ಅದೇ ಭಯ.

ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಪಟ್ಟಿ ತೊಳೀತಾರೆ. ಹತ್ತೊಂಬತ್ತು ವರ್ಷ ಆಯ್ತು. ಆ ಪಟ್ಟಿಗಳ ಮೇಲೆ ಏನಿತ್ತು ಅಂತ ಒಂದು ದಿನವೂ ನೋಡಿಲ್ಲ, ಆ ಮೇಜಿನ ಹತ್ತಿರ ಬಿಡಲ್ಲ. ನಾನು ಆ ಮೇಜಿನಲ್ಲಿ ಕೂರಬೇಕು. ಅಲ್ಲಿ ಇಲ್ಲದ್ದನ್ನ ಇದೆ ಅಂತ ಬರೆದರೆ ಯಾರಿಗೋ ಇಲ್ಲದ ಕಾಯಿಲೆ ಬರುತ್ತೆ. ಇದ್ದದ್ದನ್ನ ಬಿಟ್ಟರೆ ಇನ್ನೂ ಕೆಟ್ಟದ್ದು. ಇದನ್ನ ಪ್ರಾಂಶುಪಾಲರಿಗೆ ಹೇಳಿದೆ. "ಅದು ಆಸ್ಪತ್ರೆ ಮಾತು, ಇದು ಪರೀಕ್ಷೆ" ಅಂದರು.

ಎಲ್ಲರೂ ಒಂದು ಕ್ಷಮಾಪಣೆ ಗೀಚಿ ಬಿಸಾಕು ಅಂತಾರೆ. ಅಮ್ಮನೂ ಅಂತಾರೆ. ಮೊನ್ನೆ ಬರೆಯೋಕೆ ಕೂತೆ. "ನಾನು ವಕ್ರಕಣವನ್ನು ನೋಡಿಯೂ ಬರೆಯಲಿಲ್ಲ, ತಪ್ಪಾಯಿತು" ಅಂತ ಬರೆದೆ. ಒಂದು ಸಲ ಓದಿದೆ. ಹರಿದು ಹಾಕಿದೆ.

ಇನ್ನೊಂದು ವಿಷಯ. ನಿಮ್ಮ ಚಿತ್ರದಲ್ಲಿ ಕೋಶಕೇಂದ್ರ ನಟ್ಟನಡುವೆ ಇದೆ. ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ಹಾಗಿರಲಿಲ್ಲ. ಗೋಡೆಗೆ ಅಂಟಿಕೊಂಡು ಕೂತಿತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದವರ ಹಾಗೆ. ನಾನು ಹಾಗೇ ಬರೆದೆ.

ನೀವು ದೊಡ್ಡವರು. ನನಗೆ ಸಿಟ್ಟು ಬಂದಿದೆ, ಅದಕ್ಕೆ ಮಾತು ಒರಟಾಗಿದ್ದರೆ ಸಹಿಸಿಕೊಳ್ಳಿ. ಬರೆಯುವಾಗ ಅದು ನಿಮಗೆ ಕಂಡಿತ್ತಾ, ಇಲ್ವಾ? ಒಂದು ಪದ ಸಾಕು.

ಇಂತಿ ವಿದ್ಯಾರ್ಥಿನಿ

*

ಆಗಸ್ಟ್ ೧೩

ಪರೀಕ್ಷಾ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ನಾನು ವೃತ್ತಿಯಿಂದ ಚಿತ್ರಕಾರ. ಜೀವಕೋಶದ ಪಠ್ಯಪುಸ್ತಕದ ಎಲ್ಲ ಚಿತ್ರಗಳನ್ನೂ ನಾನೇ ಬರೆದಿದ್ದೇನೆ. ಸೊಂಟದ ಮೂಳೆ ಮುರಿದಿರುವುದರಿಂದ ವಿಚಾರಣೆಗೆ ಬರಲಾಗುತ್ತಿಲ್ಲ. ಈ ಹೇಳಿಕೆಯನ್ನು ಸಭೆಯಲ್ಲಿ ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ಹದಿನೇಳನೇ ಪುಟದಲ್ಲಿ ವಕ್ರಕಣ ಎಂದು ಗುರುತಿಸಿರುವ ಆಕೃತಿಯನ್ನು ನಾನು ಸೂಕ್ಷ್ಮದರ್ಶಕದಲ್ಲಿ ನೋಡಿಲ್ಲ. ಅಂಥ ಕಣದಂಗ ಯಾವ ಜೀವಕೋಶದಲ್ಲೂ ಇಲ್ಲ. ಅದು ಪುಸ್ತಕದ ಲೇಖಕರ ಎಡಗಿವಿಯ ಚಿತ್ರ. ಅವರ ಮೇಲಿನ ಸಿಟ್ಟಿನಲ್ಲಿ ಬರೆದೆ. ಅವರು ಅದಕ್ಕೆ ಹೆಸರಿಟ್ಟಾಗ ಸುಮ್ಮನಿದ್ದೆ. ಪುಸ್ತಕ ಅಚ್ಚಾದಾಗ ಸುಮ್ಮನಿದ್ದೆ. ಮಕ್ಕಳು ಅದನ್ನು ಕಲಿಯುತ್ತಿದ್ದಾರೆಂದು ತಿಳಿದೂ ಸುಮ್ಮನಿದ್ದೆ. ಸದಸ್ಯರು ಚಿತ್ರವನ್ನೂ ಅಧ್ಯಕ್ಷರ ಕಿವಿಯನ್ನೂ ಹೋಲಿಸಿ ನೋಡಬಹುದು.

ಕೋಶಕೇಂದ್ರವೂ ನಾನು ನೋಡಿದ ಕೋಶದಲ್ಲಿ ನಡುವೆ ಇರಲಿಲ್ಲ, ಗೋಡೆಯ ಬಳಿ ಇತ್ತು. ಈ ವಿದ್ಯಾರ್ಥಿನಿ ಬರೆದಿರುವುದು ಸರಿ. ಅವಳಿಗೆ ಕಾಣಿಸಿದ್ದೇ ನನಗೂ ಕಾಣಿಸಿತ್ತು. ಅವಳು ಬರೆದಳು, ನಾನು ಬರೆಯಲಿಲ್ಲ.

ಅಂಕ ಕಳೆದ ಉಪನ್ಯಾಸಕಿ ನನ್ನ ಮಗಳು. ಜುಲೈವರೆಗೆ ಅವಳಿಗೆ ಈ ವಿಷಯ ತಿಳಿದಿರಲಿಲ್ಲ.

ಸಹಿ
(ಚಿತ್ರಕಾರ)

*

ಸೆಪ್ಟೆಂಬರ್ ೩

ಅಪ್ಪ,

ವಿಚಾರಣೆ ಹೇಗಾಯ್ತು ಅಂತ ಚಿಕ್ಕಮ್ಮನ ಕೈಯಲ್ಲಿ ಮೂರು ಸಲ ಫೋನ್ ಮಾಡಿಸಿದೆಯಂತೆ. ಹೇಳ್ತೀನಿ.

ಉದ್ದನೆಯ ಮೇಜು, ಐದು ಜನ ಸದಸ್ಯರು, ನಡುವೆ ದೊಡ್ಡ ಮೇಷ್ಟ್ರು. ನಿನ್ನ ಹೇಳಿಕೆಯನ್ನ ನಾನೇ ಓದಿದೆ. ಕಿವಿ ಅನ್ನೋ ಪದ ಬಂದಾಗ ನಡಾವಳಿ ಬರೀತಿದ್ದ ಗುಮಾಸ್ತೆ ತಲೆ ಎತ್ತಿ ಮೇಷ್ಟ್ರನ್ನ ನೋಡಿದರು, ಪುಸ್ತಕ ನೋಡಿದರು, ಆಮೇಲೆ ಫೈಲನ್ನ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಫೈಲು ಅಲ್ಲಾಡ್ತಿತ್ತು.

ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ. "ಪುಸ್ತಕದಲ್ಲಿ ತನ್ನ ಹೆಸರು ಹಾಕಲಿಲ್ಲ ಅಂತ ಆ ಮನುಷ್ಯನಿಗೆ ಮೊದಲಿಂದಲೂ ಹೊಟ್ಟೆಕಿಚ್ಚು. ವಯಸ್ಸಾಗಿದೆ, ತಲೆ ಕೆಟ್ಟಿದೆ. ಸೂಕ್ಷ್ಮದರ್ಶಕ ತರಿಸಿ, ನಾವೇ ನೋಡೋಣ" ಅಂದರು. ಆ ಹುಡುಗಿಯೇ ಪೊರೆ ಸುಲಿದು, ಒಂದು ಗುಳ್ಳೆಯೂ ಬರದ ಹಾಗೆ ಸೂಜಿ ಹಿಡಿದು ಗಾಜು ಇಳಿಸಿ, ಕನ್ನಡಿಯನ್ನ ಕಿಟಕಿ ಕಡೆ ತಿರುಗಿಸಿ ಇಟ್ಟಳು.

ಮೇಷ್ಟ್ರು ಬಗ್ಗಿದರು. "ಇದೆ. ಸ್ಪಷ್ಟವಾಗಿ ಕಾಣ್ತಿದೆ."

ಪಕ್ಕದ ಸದಸ್ಯರು ಬಗ್ಗಿದರು. "ಹೌದು ಸಾರ್, ಸ್ವಲ್ಪ ಮಸುಕಾಗಿ."

ಮೂರನೆಯವರು, "ಏನೋ ಒಂದು ಇದೆ ಇದೆ" ಅಂದರು. ಉಳಿದಿಬ್ಬರು ತಲೆ ಅಲ್ಲಾಡಿಸಿದರು. ಹುಡುಗಿ ತುಟಿ ಕಚ್ಚಿಕೊಂಡು ಗೋಡೆ ನೋಡ್ತಾ ನಿಂತಿದ್ದಳು.

"ನೀನು ನೋಡಮ್ಮ" ಅಂದರು ನನಗೆ.

ನೋಡಿದೆ. ಬಹಳ ಹೊತ್ತು ನೋಡಿದೆ. ಒಂದು ಕ್ಷಣ ಬಂತು ಅಪ್ಪ. ತೆಳ್ಳಗೆ, ನೀಲಿಯಾಗಿ, ಎಡಕ್ಕೆ ಬಗ್ಗಿಕೊಂಡು. ಕಣ್ಣು ಮುಚ್ಚಿ ತೆರೆದೆ. ಹೋಯ್ತು. ಕೋಶಕೇಂದ್ರ ಗೋಡೆ ಪಕ್ಕ ಕೂತಿತ್ತು, ಅಷ್ಟೇ.

"ಇಲ್ಲ ಸಾರ್."

"ಇಂಟರ್ವ್ಯೂನಲ್ಲಿ ನೋಡಿದೀನಿ ಅಂದಿದ್ಯಲ್ಲ?"

"ಆಗ ನಿಮ್ಮ ಪುಸ್ತಕ ನೋಡಿದ್ದೆ ಸಾರ್. ಈಗ ಈರುಳ್ಳಿ ನೋಡಿದೀನಿ."

"ಯೋಚನೆ ಮಾಡಿ ಮಾತಾಡು. ಇದು ದಾಖಲೆಗೆ ಹೋಗುತ್ತೆ."

"ಹೋಗಲಿ ಅಂತಾನೇ ಹೇಳ್ತಿದೀನಿ ಸಾರ್. ಬರೆದುಕೊಳ್ಳಿ ಮೇಡಂ, ಇಲ್ಲ."

ಗುಮಾಸ್ತೆ ಬರೆದುಕೊಂಡರು. ಆಮೇಲೆ ಮಸುಕಾಗಿದೆ ಅಂದವರು ಇನ್ನೊಂದು ಸಲ ಬಗ್ಗಿದರು, ನೆಟ್ಟಗೆ ಕೂತು, "ನನ್ನ ಕನ್ನಡಕದ ಗೀರು ಇರಬಹುದು" ಅಂದರು. ಮೇಷ್ಟ್ರು ಕಿಟಕಿ ಕಡೆ ತಿರುಗಿದರು. ಉಳಿದ ನಾಲ್ಕೂ ಜನ ಅವರ ಎಡಗಿವಿ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ತೀರ್ಮಾನ ಕೇಳು, ನಿನಗೆ ಖುಷಿ ಆಗುತ್ತೆ. ಲಕ್ಷಾಂತರ ಪ್ರತಿ ಅಚ್ಚಾಗಿರೋದರಿಂದ ಮುಂದಿನ ಮುದ್ರಣದವರೆಗೆ ವಕ್ರಕಣ ಬರೆದವರಿಗೂ ಪೂರ್ತಿ ಅಂಕ, ಬರೆಯದವರಿಗೂ ಪೂರ್ತಿ ಅಂಕ. ನನ್ನ ವರದಿ ರದ್ದು. ಮೂರು ವರ್ಷ ನಾನು ಪರೀಕ್ಷಕಿ ಆಗೋ ಹಾಗಿಲ್ಲ, ಜೊತೆಗೆ ನೇಮಕದ ಬಗ್ಗೆ ವಿವರಣೆ ಕೇಳಿ ನೋಟಿಸು. ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ. ಆ ಚಿಂತೆ ನಂದು, ನೀನು ಮಾಡಬೇಡ.

ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಅವಳ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ಅವಳು ಅಲ್ಲೇ ನಿಂತು ಪ್ರತಿ ಸಾಲನ್ನೂ ಓದಿದಳು. "ಮಿಸ್, ನೀವು ಓದಿ ಸಹಿ ಮಾಡಿದ್ರಾ?" ಅಂದಳು. ಹೌದಮ್ಮ ಅಂದೆ. ಥ್ಯಾಂಕ್ಸ್ ಅನ್ನಲಿಲ್ಲ. ಯಾಕೆ ಅನ್ನಬೇಕು? ಮೂವತ್ತನೇ ತಾರೀಕು ತರಬೇತಿಗೆ ಸೇರಿಕೊಂಡಳು.

ಇಷ್ಟಕ್ಕೆ ಮುಗೀತು ಅಂದ್ಕೊಂಡೆಯಾ? ಹೋದ ವಾರ ಹಳೇ ಲ್ಯಾಬ್ ದಾಖಲೆಗಳ ಕಟ್ಟು ಬಿಚ್ಚಿ ಕೂತೆ. ಈ ಹದಿನೈದು ವರ್ಷದಲ್ಲಿ ಇನ್ನೂ ಹನ್ನೊಂದು ಮಕ್ಕಳು ವಕ್ರಕಣ ಬಿಟ್ಟು ಬರೆದಿದ್ದರು. ಎಲ್ಲರೂ ನನ್ನ ಮೊದಲ ನಾಲ್ಕು ವರ್ಷದವರು. ಆಮೇಲೆ ಸುದ್ದಿ ಹರಡಿರಬೇಕು, ಯಾರೂ ಬಿಡಲೇ ಇಲ್ಲ. ಹನ್ನೊಂದು ಹಾಳೆಯ ಮೇಲೂ ನನ್ನದೇ ಕೆಂಪು ಅಕ್ಷರ: "ಸರಿಯಾಗಿ ನೋಡು."

ಒಬ್ಬಳು ಸಿಕ್ಕಿದಳು. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ರಫೂ ಅಂಗಡಿ ಇಟ್ಟಿದ್ದಾಳೆ. ಹರಿದ ಬಟ್ಟೆಯ ಒಂದೊಂದೇ ಎಳೆ ಹುಡುಕಿ, ಎಲ್ಲಿ ಹರಿದಿತ್ತು ಅಂತಲೇ ಗೊತ್ತಾಗದ ಹಾಗೆ ನೇಯೋ ಕೆಲಸ. ನಾನು ವಿಷಯ ಎತ್ತೋ ಮೊದಲೇ ಗುರುತು ಹಿಡಿದು, ಸ್ಟೂಲು ಒರೆಸಿ ಕೂರಿಸಿ, "ಮಿಸ್, ಆವತ್ತು ನಾನು ಸರಿಯಾಗಿ ನೋಡಿರಲಿಲ್ಲ, ನಿಮಗೆ ಸುಮ್ಮನೆ ಬೇಜಾರು ಮಾಡಿದೆ" ಅಂದಳು. ಆಮೇಲೆ ಅವರಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಕಣ್ಣು ಚೆನ್ನಾಗೇ ಇದೆ ಅಂದರಂತೆ. "ಡಾಕ್ಟರಿಗೂ ಗೊತ್ತಾಗಲಿಲ್ಲ ಮಿಸ್ ನನ್ನ ದೋಷ ಏನು ಅಂತ" ಅಂತ ನಕ್ಕಳು. ವಿಜ್ಞಾನ ಬಿಟ್ಟಿದ್ದು ಅದಕ್ಕೇ ಅಂತೆ.

ಒಂದು ಕರವಸ್ತ್ರ ರಫೂಗೆ ಕೊಟ್ಟು ಎದ್ದು ಬಂದೆ.

ಲಕೋಟೆಯಲ್ಲಿ ಹನ್ನೊಂದು ಖಾಲಿ ಹಾಳೆ ಇಟ್ಟಿದೀನಿ. ಒಬ್ಬೊಬ್ಬರಿಗೂ ಬೇರೆ ಬೇರೆ, ನಿನ್ನ ಕೈಯಿಂದಲೇ ಬರಿ. ನಕಲು ಮಾಡೋ ಹಾಗಿಲ್ಲ. ನನ್ನ ಮಾತು ನಾನು ಕೆಳಗೆ ಸೇರಿಸ್ತೀನಿ. ನಾವಿಬ್ಬರೂ ಮಾತಾಡಿಕೊಳ್ಳೋದು ಬೇಕಾದಷ್ಟಿದೆ, ಅದು ಹನ್ನೊಂದೂ ಮುಗಿದ ಮೇಲೆ.

ರಫೂ ಅಂಗಡಿಯವಳಿಗೆ ಮೊದಲು ಬರಿ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ ಅಂತ ಬರಿ.

ಮಗಳು